ಬೆಳಿಗ್ಗೆ ಕಂಪ್ಯೂಟರ್ ಎದ್ದೇಳಲು ಇಷ್ಟು ಹೊತ್ತೇಕೆ?

ಪ್ರಶ್ನೆ: ನಾನು ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಬೆಳಿಗ್ಗೆ ಆನ್ ಮಾಡಿದರೆ ಪರದೆ ಬೇಗ ಬರುತ್ತದೆ. ಆದರೆ ಆಮೇಲೆ ಐದಾರು ನಿಮಿಷ ಏನು ಒತ್ತಿದರೂ ತೆರೆಯುವುದಿಲ್ಲ. ಗಿರಾಕಿಗಳು ಕಾದು ಎದ್ದು ಹೋಗುತ್ತಾರೆ. ರಿಪೇರಿ ಹುಡುಗ ಫಾರ್ಮ್ಯಾಟ್ ಮಾಡಿಸಿ ಅಂತಾನೆ. ಬೇರೆ ದಾರಿ ಇಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಫಾರ್ಮ್ಯಾಟ್ ಈಗಲೇ ಬೇಡಮ್ಮ. ಪರದೆ ಬಂದ ಮೇಲೆ ಒದ್ದಾಡುತ್ತದೆ ಎಂದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಎಷ್ಟೋ ಪ್ರೋಗ್ರಾಂಗಳು ಇನ್‌ಸ್ಟಾಲ್ ಆಗುವಾಗಲೇ 'ಕಂಪ್ಯೂಟರ್ ಆನ್ ಆದ ಕೂಡಲೇ ನಾನೂ ಶುರುವಾಗಬೇಕು' ಎಂದು ಹೆಸರು ಬರೆಸಿಕೊಂಡಿರುತ್ತವೆ. ಬೆಳಿಗ್ಗೆ ಅವೆಲ್ಲ ಒಟ್ಟಿಗೆ ಡಿಸ್ಕಿಗೆ ಮುಗಿಬೀಳುತ್ತವೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಚಿಕ್ಕ ಕಿಟಕಿ ಬಂದರೆ ಕೆಳಗೆ 'ಮೋರ್ ಡೀಟೇಲ್ಸ್' ಒತ್ತಿ, ಮೇಲೆ 'ಸ್ಟಾರ್ಟಪ್' ಆರಿಸಿ. ಪಟ್ಟಿಯಲ್ಲಿ 'ಸ್ಟಾರ್ಟಪ್ ಇಂಪ್ಯಾಕ್ಟ್' ಎಂಬ ಕಾಲಂ ಇದೆ. ಅಲ್ಲಿ 'ಹೈ' ಎಂದಿದ್ದರೆ ಆ ಪ್ರೋಗ್ರಾಂ ಶುರುವಾಗುವಾಗ ಪ್ರೊಸೆಸರಿನ 1 ಸೆಕೆಂಡಿಗಿಂತ ಜಾಸ್ತಿ ಸಮಯ ತಿನ್ನುತ್ತದೆ, ಇಲ್ಲವೇ ಡಿಸ್ಕಿನಲ್ಲಿ 3 ಎಂಬಿಗಿಂತ ಜಾಸ್ತಿ ಓದು-ಬರಹ ನಡೆಸುತ್ತದೆ. ಮೊದಲು ಅವನ್ನೇ ನೋಡಿ. ಟೊರೆಂಟ್, ಹಾಡು ಕೇಳುವ ಆಪ್ ಇವೆಲ್ಲ ಅಂಗಡಿ ಬಾಗಿಲು ತೆಗೆಯುವಾಗಲೇ ಬೇಕಾ? ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸೇಬಲ್' ಕೊಡಿ. ಪ್ರೋಗ್ರಾಂ ಅಳಿಸಿಹೋಗುವುದಿಲ್ಲ. ಬೇಕಾದಾಗ ನೀವೇ ತೆರೆಯಬಹುದು, ಮನಸ್ಸು ಬದಲಾದರೆ ಅಲ್ಲೇ 'ಎನೇಬಲ್' ಇದೆ.

ಆದರೆ ಎಲ್ಲವನ್ನೂ ಒಂದೇ ಸಲ ನಿಲ್ಲಿಸಬೇಡಿ. ನಾನು ಒಮ್ಮೆ ಗಡಿಬಿಡಿಯಲ್ಲಿ ಪರಿಚಯದವರ ಅಂಗಡಿಯಲ್ಲಿ ಹಾಗೆ ಮಾಡಿದ್ದೆ. ಮಾರನೇ ದಿನ ಅಲ್ಲಿ ನುಡಿ ತಂತ್ರಾಂಶ ತಾನಾಗಿ ಶುರುವಾಗಲಿಲ್ಲ. ಸ್ಕ್ರಾಲ್ ಲಾಕ್ ಎಷ್ಟು ಒತ್ತಿದರೂ ಕನ್ನಡ ಅಕ್ಷರ ಬರಲಿಲ್ಲ. ಪಹಣಿ ತಿದ್ದುಪಡಿಗೆ ಅರ್ಜಿ ಬರೆಸಲು ಹಳ್ಳಿಯಿಂದ ಬಂದಿದ್ದ ಅಜ್ಜನಿಗೆ ಬಸ್ಸು ತಪ್ಪಿತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಹಾಗಾಗಿ ನುಡಿ, ಆಂಟಿವೈರಸ್, ಸೌಂಡಿಗೆ ಸಂಬಂಧಪಟ್ಟವನ್ನು ಮುಟ್ಟಬೇಡಿ. ಗುರುತು ಸಿಗದ ಹೆಸರಿದ್ದರೆ ರೈಟ್ ಕ್ಲಿಕ್ ಮಾಡಿ 'ಸರ್ಚ್ ಆನ್‌ಲೈನ್' ಒತ್ತಿ, ತಿಳಿದುಕೊಂಡು ಮುಂದುವರಿಯಿರಿ. ದಿನಕ್ಕೆ ಎರಡೋ ಮೂರೋ ಸಾಕು.

ನುಡಿ ದಿನಾ ತಾನಾಗಿ ತೆರೆಯಬೇಕು ಅಂದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, 'shell:startup' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ತೆರೆಯುವ ಫೋಲ್ಡರಿಗೆ ನುಡಿಯ ಶಾರ್ಟ್‌ಕಟ್ ಕಾಪಿ ಮಾಡಿ ಹಾಕಿ.

ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ ಎನ್ನುವ ಸಾಫ್ಟ್‌ವೇರ್ ಹಾಕಿಸಿಕೊಳ್ಳಬೇಡಿ. ಅಂಥವೂ ಬಹಳಷ್ಟು ಸಲ ಇದೇ ಪಟ್ಟಿಯಲ್ಲಿ ಬಂದು ಕೂರುತ್ತವೆ.

ಇಷ್ಟಾದರೂ ನಿಧಾನ ಅನಿಸಿದರೆ ಟಾಸ್ಕ್ ಮ್ಯಾನೇಜರಿನ 'ಪರ್ಫಾರ್ಮೆನ್ಸ್' ಪುಟದಲ್ಲಿ ಡಿಸ್ಕ್ ಯಾವುದೆಂದು ನೋಡಿ. 'ಎಚ್‌ಡಿಡಿ' (ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕ್) ಎಂದಿದ್ದರೆ ಫಾರ್ಮ್ಯಾಟಿಗೆ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿ ಅದಕ್ಕಿಂತ ವೇಗವಾದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ಅದಕ್ಕೂ ಮುಂಚೆ ಮದುವೆ ಕಾರ್ಡಿನ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಟುಕೊಳ್ಳಿ.