ಮಾರ್ಮನ್ನರಲ್ಲಿ ಕಪ್ಪು ಜನರ ಹಾಡು, ಚಿತ್ರ, ಬರವಣಿಗೆ ಎಲ್ಲಿದೆ?

ನೀವು ಬೆಂಗಳೂರಿನವರು, ಊರಿಗೆ ಮಾರ್ಮನ್ ಎಂಬ ಅಮೆರಿಕದ ಕ್ರೈಸ್ತ ಪಂಥದ ದೇವಾಲಯ ಬರುತ್ತಿರುವ ಸುದ್ದಿ ಓದಿ ಕೇಳಿದ್ದೀರಿ: ಈ ಪಂಥದಲ್ಲಿ ಕಪ್ಪು ಜನರಿಗೆ ಜಾಗವೇ ಇರಲಿಲ್ಲವಂತೆ, ನಿಜವೇ? ಇದ್ದಿದ್ದರೆ ಅವರ ಹಾಡು, ಚಿತ್ರ, ಬರವಣಿಗೆ ಏಕೆ ಕಣ್ಣಿಗೆ ಬೀಳುವುದಿಲ್ಲ? ನಾನು ಮಾರ್ಮನ್ ಅಲ್ಲ. ಕೆಲಸದ ನಿಮಿತ್ತ ಒಂಬತ್ತು ವರ್ಷ ಈ ಪಂಥದ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದೆ, ಅಕ್ಕಪಕ್ಕದ ಮನೆಯವರೆಲ್ಲ ಅವರೇ ಆಗಿದ್ದರು. ಅಷ್ಟೇ ನನ್ನ ಅರ್ಹತೆ.

ಜಾಗವಿತ್ತು, ಜಗುಲಿಯವರೆಗೆ. ಪಂಥ ಹುಟ್ಟಿದ್ದು 1830ರಲ್ಲಿ. 1836ರಲ್ಲೇ ಎಲೈಜಾ ಏಬಲ್ ಎಂಬ ಕಪ್ಪು ಬಡಗಿಗೆ ಯಾಜಕ ದೀಕ್ಷೆ ಸಿಕ್ಕಿತ್ತು. ಆದರೆ 1852ರಲ್ಲಿ ಆಗಿನ ಮುಖ್ಯಸ್ಥ ಬ್ರಿಗಮ್ ಯಂಗ್, ಆಫ್ರಿಕಾ ಮೂಲದವರಿಗೆ ಅದು ಸಲ್ಲದು ಎಂದು ಸಾರಿದರು. ಈ ಪಂಥದಲ್ಲಿ ಯಾಜಕ ಎಂದರೆ ನಮ್ಮ ಅರ್ಚಕರಂತೆ ಪ್ರತ್ಯೇಕ ವರ್ಗವಲ್ಲ, ಮೀಸೆ ಮೂಡದ ಹುಡುಗರೂ ದೀಕ್ಷೆ ಪಡೆಯುತ್ತಾರೆ. ಹಾಗಾಗಿ ಅದು ತಪ್ಪಿತೆಂದರೆ ಎಲ್ಲವೂ ತಪ್ಪಿದಂತೆ. ದೇವಾಲಯದೊಳಗಿನ ಮುಖ್ಯ ವಿಧಿಗಳೂ ಇಲ್ಲ, ಅದೂ ಗಂಡಸರಿಗೆ ಮಾತ್ರವಲ್ಲ, ಹೆಂಗಸರಿಗೂ. ಇದು ನಡೆದದ್ದು 1978ರ ಜೂನ್‌ವರೆಗೆ. ಈ ನಿಷೇಧಕ್ಕೆ ಹಿಂದೆ ಕೊಡುತ್ತಿದ್ದ ಸಮರ್ಥನೆಗಳನ್ನೆಲ್ಲ 2013ರ ಪ್ರಬಂಧವೊಂದರಲ್ಲಿ ಚರ್ಚು ತಳ್ಳಿಹಾಕಿತು. ಕ್ಷಮೆಯನ್ನು ಮಾತ್ರ ಕೇಳಲಿಲ್ಲ.

ಬರವಣಿಗೆ ಎಲ್ಲಿ ಎಂದಿರಲ್ಲ, ಜೇನ್ ಮ್ಯಾನಿಂಗ್ ಜೇಮ್ಸ್ ಅವರಿಂದ ಶುರು ಮಾಡಿ. ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಸ್ವತಂತ್ರ ಕಪ್ಪು ಹೆಣ್ಣುಮಗಳು. 1843ರಲ್ಲಿ ಮನೆಮಂದಿಯೊಂದಿಗೆ ಮಾರ್ಮನ್ನರ ಊರಾದ ನಾವೂಗೆ ಹೊರಟರು. ಬಫಲೋದಲ್ಲಿ ಹಡಗು ಹತ್ತಲು ಬಿಡಲಿಲ್ಲ. ಉಳಿದ ಸುಮಾರು 1,300 ಕಿಲೋಮೀಟರ್ ನಡೆದೇ ಹೋದರು. ಮುಪ್ಪಿನಲ್ಲಿ ತಮ್ಮ ಕಥೆಯನ್ನು ಇನ್ನೊಬ್ಬ ಹೆಂಗಸಿಗೆ ಹೇಳಿ ಬರೆಸಿದ್ದಾರೆ. ಕೆಲವೇ ಪುಟ. ಬೂಟು ಸವೆದು ಹರಿದದ್ದು, ಅಂಗಾಲು ಬಿರಿದು ನೆಲದ ಮೇಲೆ ಇಡೀ ಹೆಜ್ಜೆಯ ಅಚ್ಚು ರಕ್ತದಲ್ಲಿ ಮೂಡಿದ್ದು, ನಿಂತು ಪ್ರಾರ್ಥಿಸಿದ ಮೇಲೆ ಕಾಲು ವಾಸಿಯಾಗಿ ಸ್ತೋತ್ರ ಹಾಡುತ್ತ ಮುಂದೆ ನಡೆದದ್ದು, ಎಲ್ಲವನ್ನೂ ದೂರುವ ಧಾಟಿಯೇ ಇಲ್ಲದೆ ಹೇಳುತ್ತಾರೆ. ನನಗೆ ನಿದ್ದೆಗೆಡಿಸಿದ್ದು ಆ ಧಾಟಿಯೇ.

ದೇವಾಲಯದ ವಿಧಿಗಳಿಗಾಗಿ ಅವರು ವರ್ಷಾನುಗಟ್ಟಲೆ ಬೇಡಿಕೊಂಡರು. ನಮಗೆ ಕನಕನ ಕಿಂಡಿ ನೆನಪಾಗದೆ ಇರುವುದಿಲ್ಲ. ಇವರಿಗೂ ಒಂದು ಕಿಂಡಿ ತೆರೆದರು: ತೀರಿಹೋದ ಬಂಧುಗಳ ಪರವಾಗಿ ದೀಕ್ಷಾಸ್ನಾನ ಮಾಡಬಹುದು, ಅದರಾಚೆಗೆ ಇಲ್ಲ. 1894ರಲ್ಲಿ ಇನ್ನೊಂದು ವಿಧಿ ನಡೆಯಿತು. ಅದರಲ್ಲಿ ಜೇನ್ ಅವರನ್ನು ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರಿಗೆ ಪರಲೋಕದಲ್ಲೂ ಸೇವಕಿಯೆಂದು ಬೆಸೆದರು. ಆ ಶಾಸ್ತ್ರಕ್ಕೂ ಅವರನ್ನು ಒಳಗೆ ಬಿಡಲಿಲ್ಲ, ಬಿಳಿಯ ಹೆಂಗಸೊಬ್ಬರು ಅವರ ಬದಲಿಗೆ ನಿಂತಿದ್ದರು. ಜೇನ್ 1908ರಲ್ಲಿ ತೀರಿಕೊಂಡರು. ಬೇಡಿದ್ದು ಸಿಕ್ಕಿದ್ದು 1979ರಲ್ಲಿ, ಅದೂ ಬದಲಿಯವರ ಮೂಲಕ.

ಇಂಥ ಹೆಸರುಗಳನ್ನು ಅಗೆದು ತೆಗೆದವರಲ್ಲಿ ಡೇರಿಯಸ್ ಗ್ರೇ ಒಬ್ಬರು. 1964ರಲ್ಲಿ ಪಂಥ ಸೇರಿದ ಅವರಿಗೆ ನಿಷೇಧದ ವಿಷಯ ತಿಳಿದದ್ದು ದೀಕ್ಷಾಸ್ನಾನದ ಹಿಂದಿನ ದಿನ! ಆದರೂ ಸೇರಿದರು. ಮುಂದೆ ಮಾರ್ಗರೆಟ್ ಯಂಗ್ ಎಂಬ ಬಿಳಿಯ ಲೇಖಕಿಯೊಂದಿಗೆ ಕಪ್ಪು ಮಾರ್ಮನ್ನರ ಬಗ್ಗೆ ಮೂರು ಕಾದಂಬರಿ ಬರೆದರು, ಸಾಕ್ಷ್ಯಚಿತ್ರವನ್ನೂ ಮಾಡಿದರು. ಅದಕ್ಕೂ ಮೊದಲು, 1971ರಲ್ಲಿ, ಇನ್ನಿಬ್ಬರು ಕಪ್ಪು ಸದಸ್ಯರೊಂದಿಗೆ ಸೇರಿ, ಪಂಥದ ಕಪ್ಪು ಜನರಿಗಾಗಿ ಜೆನೆಸಿಸ್ ಗ್ರೂಪ್ ಎಂಬ ಕೂಟ ಕಟ್ಟಿದ್ದರು. ನಿಷೇಧ ಹೋಗುವುದಕ್ಕೆ ಏಳು ವರ್ಷ ಮೊದಲೇ, ಗಮನಿಸಿ.

ಒಂದು ಭಾನುವಾರ ಸಂಜೆ ನೆರೆಮನೆಯ ಹಿರಿಯರೊಬ್ಬರು ನನ್ನನ್ನು ಆ ಗುಂಪಿನ ಸಭೆಗೆ ಕರೆದೊಯ್ದರು. ಮಾರ್ಮನ್ನರ ಮಾಮೂಲಿ ಆರಾಧನೆಗೆ ಹಿಂದೆ ಹೋಗಿದ್ದೆ. ಆರ್ಗನ್, ನಿಧಾನದ ಸ್ತೋತ್ರ, ಚಪ್ಪಾಳೆಯ ಮಾತೇ ಇಲ್ಲ. ಇಲ್ಲಿ ಗಾಸ್ಪೆಲ್, ಅಂದರೆ ಕಪ್ಪು ಚರ್ಚುಗಳ ಭಕ್ತಿಗೀತೆ, ಶುರುವಾದದ್ದೇ ಮುಂದಿನ ಸಾಲಿನವರು ಎದ್ದು ನಿಂತರು, ಮಾತಿನ ನಡುವೆ ಯಾರೋ ಗಟ್ಟಿಯಾಗಿ ‘ಆಮೆನ್’ ಎಂದರು. ನಮ್ಮ ಹಿರಿಯರ ಎರಡೂ ಕೈ ಮೇಲೆದ್ದವು, ಗಾಳಿಯಲ್ಲೇ ನಿಂತವು, ಕೆಳಗಿಳಿದು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದವು. ಎಪ್ಪತ್ತು ವರ್ಷದ ಅಭ್ಯಾಸ!

ಗಾಯಕಿ ಗ್ಲಾಡಿಸ್ ನೈಟ್ 1997ರಲ್ಲಿ ಈ ಪಂಥ ಸೇರಿ ಗಾಯಕವೃಂದವೊಂದನ್ನು ಕಟ್ಟಿದರು, ಅದರ ಆಲ್ಬಮ್‌ಗೆ 2006ರಲ್ಲಿ ಗ್ರ್ಯಾಮಿ ಬಂತು. ಆದರೂ ಭಾನುವಾರದ ಆರಾಧನೆಯ ಲಯವೇನೂ ಬದಲಾಗಲಿಲ್ಲ. ಕಪ್ಪು ಚರ್ಚುಗಳಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ ‘ಅಮೇಜಿಂಗ್ ಗ್ರೇಸ್’ ಇವರ 1985ರ ಸ್ತೋತ್ರ ಪುಸ್ತಕದಲ್ಲಿ ಇರಲಿಲ್ಲ. ಹೊಸ ಸಂಗ್ರಹಕ್ಕೆ ಸೇರಿದ್ದು 2024ರಲ್ಲಿ.

ಚಿತ್ರದ ವಿಷಯ ಇನ್ನೂ ಬಿಗಿ. ಪ್ರಾರ್ಥನಾ ಮಂದಿರದ ಪ್ರವೇಶ ಹಜಾರದಲ್ಲಿ ಯೇಸುವಿನ ಯಾವ ಚಿತ್ರ ಇರಬೇಕೆಂದು 2020ರಲ್ಲಿ ಚರ್ಚು ಒಂದು ಪಟ್ಟಿ ಕೊಟ್ಟಿತು. ಡೆನ್ಮಾರ್ಕಿನ ಕಾರ್ಲ್ ಬ್ಲಾಕ್, ಅಮೆರಿಕದ ಹ್ಯಾರಿ ಆಂಡರ್ಸನ್ ಅದರಲ್ಲಿದ್ದಾರೆ. ಇಬ್ಬರೂ ಮಾರ್ಮನ್ನರಲ್ಲ. ಬೇರೆ ಪಂಥದವರ ಕುಂಚ ನಡೆಯುತ್ತದೆ, ಸಂತೋಷ. ಆದರೆ ಪಟ್ಟಿಯ ಯೇಸು ಬಹುಮಟ್ಟಿಗೆ ಬಿಳಿಯನೇ.

ಕಣ್ಣಾರೆ ನೋಡಬೇಕೆಂದರೆ ಸಾಲ್ಟ್ ಲೇಕ್‌ನಲ್ಲಿ ಎರಡು ಸ್ಮಾರಕಗಳಿವೆ. ನಗರದ ನಡುವಿನ ಬ್ರಿಗಮ್ ಯಂಗ್ ಸ್ಮಾರಕದ ಫಲಕದಲ್ಲಿ 1847ರಲ್ಲಿ ಇಲ್ಲಿಗೆ ಮೊದಲು ಬಂದ ಮಾರ್ಮನ್ ತಂಡದವರ ಹೆಸರುಗಳಿವೆ. ಗ್ರೀನ್ ಫ್ಲೇಕ್, ಹಾರ್ಕ್ ಲೇ, ಆಸ್ಕರ್ ಕ್ರಾಸ್ಬಿ ಎಂಬ ಮೂವರನ್ನು ಮಾತ್ರ ಪ್ರತ್ಯೇಕವಾಗಿ ‘ವರ್ಣೀಯ ಸೇವಕರು’ ಎಂದು ಬರೆದಿದ್ದಾರೆ. ಸೇವಕರಲ್ಲ, ಗುಲಾಮರು. ಹೆಸರಿನ ಕೊನೆಗಿರುವುದು ಒಡೆಯರ ಮನೆತನ. 2022ರ ಜುಲೈನಲ್ಲಿ ಊರಂಚಿನ ಪಾರ್ಕಿನಲ್ಲಿ ಮೌಲಿ ಬಾನರ್ ಎಂಬ ಕಪ್ಪು ಸಂಗೀತಗಾರ, ಚಿತ್ರ ನಿರ್ದೇಶಕರ ಮುಂದಾಳತ್ವದಲ್ಲಿ ಹೊಸ ಸ್ಮಾರಕ ಎದ್ದಿತು. ಅಲ್ಲಿ ಜೇನ್ ಇದ್ದಾರೆ, ಗ್ರೀನ್ ಫ್ಲೇಕ್ ಇದ್ದಾರೆ. ಹಾರ್ಕ್ ಮತ್ತು ಆಸ್ಕರ್ ಅವರಿಗೆ ಬಿಡುಗಡೆಯ ನಂತರದ ಹೆಸರುಗಳೇ ಇವೆ: ಹಾರ್ಕ್ ವೇಲ್ಸ್, ಆಸ್ಕರ್ ಸ್ಮಿತ್.

ನಿಮ್ಮೂರಿನ ದೇವಾಲಯ 2018ರಲ್ಲಿ ಘೋಷಣೆಯಾಗಿ 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾದದ್ದು. ಉದ್ಘಾಟನೆಯ ನಂತರ ಯಾವುದೇ ಮಾರ್ಮನ್ ದೇವಾಲಯದೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಆದರೆ ಅವರ ಭಾನುವಾರದ ಆರಾಧನೆಗೆ ಯಾರು ಬೇಕಾದರೂ ಹೋಗಬಹುದು. ಒಮ್ಮೆ ಹೋಗಿ ಬನ್ನಿ. ಹಜಾರದ ಗೋಡೆಯ ಮೇಲೆ ಯಾವ ಯೇಸು ಇದ್ದಾನೆ, ನೋಡಿ ಇಲ್ಲೇ ಕೆಳಗೆ ಬರೆಯಿರಿ. ನನಗೂ ಕುತೂಹಲವಿದೆ.