ಅಜ್ಜ-ಅಜ್ಜಿ ಮ್ಯೂನಿಕ್‌ಗೆ ಬಂದ್ರೆ ಮಗು ಭಾಷೆ ಕೆಡತ್ತಾ ಅಂತ ಕೇಳಿದ್ರಲ್ಲ, ಅದಕ್ಕೆ

ನಮಸ್ಕಾರ, ಮ್ಯೂನಿಕ್‌ಗೆ ಸ್ವಾಗತ. ನೀವು ಬರೆದಿದ್ದನ್ನ ಸರಿಯಾಗಿ ಓದ್ಕೊಂಡಿದೀನಾ ನೋಡಿ: ನಿಮ್ದು ಹಾಸನ, ಹೆಂಡ್ತಿ ಪುತ್ತೂರಿನವ್ರು, ಅವ್ರ ಮನೆ ಮಾತು ತುಳು, ನೀವಿಬ್ರೂ ಮಾತಾಡ್ಕೊಳ್ಳೋದು ಕನ್ನಡ ಜೊತೆಗೆ ಧಾರಾಳವಾಗಿ ಇಂಗ್ಲಿಷು, ಮಗಳಿಗೆ ಎರಡೂಮುಕ್ಕಾಲು ವರ್ಷ, ಸೆಪ್ಟೆಂಬರ್‌ಗೆ ಕೀಟಾ (ಇಲ್ಲಿನ ಶಿಶುವಿಹಾರ) ಶುರು. ಅಡ್ಮಿಷನ್‌ಗೆ ಹೋದಾಗ ಅಲ್ಲೊಬ್ರು ಮನೇಲೂ ಜರ್ಮನ್ ಮಾತಾಡಿ ಅಂದಿದಾರೆ, ಬೇಸಿಗೇಲಿ ನಿಮ್ಮ ಅಪ್ಪ ಅಮ್ಮ ಬರ್ತಾರೆ, ಮಗು ತಲೆ ಗೊಂದಲ ಆಗತ್ತಾ ಅನ್ನೋದು ನಿಮ್ಮ ಭಯ, ಜೊತೆಗೆ ವೀಸಾ ಹೇಗೆ, ಅವ್ರನ್ನ ಇಲ್ಲೇ ಇಟ್ಕೋಬೋದಾ ಅಂತ ಎರಡು ಪ್ರಶ್ನೆ. ನಾನು ಇಲ್ಲಿಗೆ ಬಂದು ಬಹಳ ವರ್ಷ ಆಯ್ತು, ಎರಡು ಮಕ್ಳೂ ಇಲ್ಲೇ ಬೆಳೆದಿದ್ದು, ಗೊತ್ತಿರೋದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಗೊಂದಲ ಆಗಲ್ಲ. ಇದನ್ನ ಮೊದ್ಲು ತಲೆಯಿಂದ ತೆಗೀರಿ. ನಾಳೆ ಕೀಟಾಗೆ ಹೋಗೋಕೆ ಶುರು ಮಾಡಿದ ಮೇಲೆ ನಿಮ್ಮ ಮಗಳು "ಅಪ್ಪಾ ಸ್ಪೀಲ್‌ಪ್ಲಾಟ್ಸ್‌ಗೆ ಹೋಗೋಣ" ಅಂತಾಳೆ, "ನನ್ನ ಯಾಕೆನ ಝಿಪ್ಪು ಹಾಕು" ಅಂತಾಳೆ (ಮೊದಲನೇದು ಜರ್ಮನ್‌ನಲ್ಲಿ ಆಟದ ಜಾಗ, ಎರಡನೇದು ಜಾಕೆಟ್ಟು), ಊರಲ್ಲಿರೋ ನೆಂಟ್ರು ಅದನ್ನ ವಿಡಿಯೋ ಕಾಲಲ್ಲಿ ಕೇಳಿ ಅಯ್ಯೋ ಕನ್ನಡ ಕೆಟ್ಟೋಯ್ತು ಅಂತಾರೆ. ಕೆಟ್ಟಿಲ್ಲ ಸ್ವಾಮಿ. ಜರ್ಮನ್ ಪದಕ್ಕೆ ಸರಿಯಾದ ಜಾಗದಲ್ಲಿ 'ಗೆ' ಹಚ್ಚಿದಾಳೆ, ಕ್ರಿಯಾಪದ ಕೊನೇಲಿ ಇಟ್ಟಿದಾಳೆ, ಅಂದ್ರೆ ಕನ್ನಡದ ಗ್ರಾಮರ್ ಗಟ್ಟಿಯಾಗೇ ಕೂತಿದೆ. ನೀವು "ಮೀಟಿಂಗ್ ಪೋಸ್ಟ್‌ಪೋನ್ ಆಯ್ತು, ಲಂಚ್‌ಗೆ ಮನೆಗೇ ಬರ್ತೀನಿ" ಅಂದಾಗ ಯಾರೂ ನಿಮ್ಮನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಲ್ಲ ತಾನೆ.

ಆಮೇಲೆ ಆ ಕೀಟಾದವ್ರ ಮಾತು. ಅವ್ರು ಕೆಟ್ಟ ಉದ್ದೇಶದಿಂದ ಹೇಳಿರಲ್ಲ, ಆದ್ರೂ ಆ ಸಲಹೆ ಪಾಲಿಸ್ಬೇಡಿ. ನಿಮ್ಮ ಜರ್ಮನ್ ಈಗ ಯಾವ ಲೆವೆಲ್ಲು, ಏ2, ಅಂದ್ರೆ ಶುರುವಿನ ಹಂತ? ಆ ಜರ್ಮನ್ ಕೇಳಿ ಮಗು ಕಲಿಯೋಂಥದ್ದು ಏನೂ ಇಲ್ಲ, ಅದು ದಿನಕ್ಕೆ ಏಳೆಂಟು ಗಂಟೆ ಜರ್ಮನ್ ಮಕ್ಕಳ ಜೊತೆ ಮಣ್ಣಲ್ಲಿ ಬಿದ್ದು ಹೊರಳಾಡಿ ತಾನೇ ಕಲಿಯತ್ತೆ. ಬೆಲ್ಜಿಯಂನ ಡಚ್ ಮಾತಾಡೋ ಭಾಗದಲ್ಲಿ ಆನಿಕ್ ಡೆ ಹೌವರ್ ಅನ್ನೋ ಭಾಷಾವಿಜ್ಞಾನಿ ಸುಮಾರು 1,900 ಮನೆಗಳ ಸರ್ವೆ ಮಾಡಿ 2007ರಲ್ಲಿ ಪ್ರಕಟಿಸಿದ್ರು: ಹೊರಗಿನ ಭಾಷೆ ಡಚ್ ಹತ್ರತ್ರ ಎಲ್ಲಾ ಮಕ್ಕಳಿಗೂ ಬಂದಿತ್ತು, ಮನೇಲಿ ಕೇಳ್ತಾ ಬೆಳೆದ ಇನ್ನೊಂದು ಭಾಷೇನ ಮಾತ್ರ ನಾಲ್ಕರಲ್ಲಿ ಒಂದು ಮಗು ಬಾಯಲ್ಲಿ ಆಡ್ತಾನೇ ಇರ್ಲಿಲ್ಲ, ಆದ್ರೆ ಅಪ್ಪ ಅಮ್ಮ ಇಬ್ರೂ ಮನೇಲಿ ಬರೀ ಆ ಭಾಷೇನೇ ಆಡೋ ಕಡೆ ಬಹುತೇಕ ಎಲ್ಲಾ ಮಕ್ಳೂ ಆಡ್ತಿದ್ರು. ಹಾಗಾಗಿ ನೀವು ಹೆದರ್ಕೋಬೇಕಾಗಿರೋದು ಜರ್ಮನ್ ಬರಲ್ವೇನೋ ಅಂತ ಅಲ್ಲ, ಕನ್ನಡ ಹೋಗ್ಬಿಡತ್ತೇನೋ ಅಂತ. ಇನ್ನು ಮಗು ಜರ್ಮನ್‌ನಲ್ಲಿ ಹಿಂದೆ ಉಳಿದ್ರೆ ಅದಕ್ಕೂ ನಮ್ಮ ಈ ಬವೇರಿಯಾ ರಾಜ್ಯದಲ್ಲಿ ವ್ಯವಸ್ಥೆ ಇದೆ, ಸ್ಕೂಲ್ ಸೇರೋಕೆ ಮುಂಚೆ ಫೋರ್‌ಕುರ್ಸ್ ಡಾಯ್ಚ್ 240 ಅಂತ 240 ಗಂಟೆ ಪಾಠ, ಅರ್ಧ ಕೀಟಾದವ್ರು ಅರ್ಧ ಸ್ಕೂಲಿನವ್ರು ಮಾಡ್ತಾರೆ.

ಅಂದ ಹಾಗೆ ನಿಮ್ಮ ಮಗಳಿಗೆ ಉ7ಆ (U7a) ಅನ್ನೋ ಮಾಮೂಲು ಮಕ್ಕಳ ಆರೋಗ್ಯ ಚೆಕಪ್ ಈಗ್ಲೇ ಬರತ್ತೆ, 34ರಿಂದ 36 ತಿಂಗಳೊಳಗೆ ಮಾಡಿಸ್ಬೇಕು. ಡಾಕ್ಟ್ರು ಮಾತಿನ ಬಗ್ಗೆ ಕೇಳ್ತಾರೆ, ಆಗ ಬರೀ ಜರ್ಮನ್ ಪದ ಲೆಕ್ಕ ಹಾಕ್ಬೇಡಿ, ಎಲ್ಲಾ ಭಾಷೇದೂ ಸೇರಿಸಿ ಹೇಳಿ. ಕನ್ನಡದಲ್ಲೂ ಎರಡು ಪದ ಜೋಡ್ಸಿ ಮಾತಾಡ್ತಿಲ್ಲ, ಕರೆದ್ರೆ ತಿರುಗಲ್ಲ ಅಂತಿದ್ರೆ ಮಾತ್ರ "ಮನೇಲಿ ಭಾಷೆ ಜಾಸ್ತಿ ಅದಕ್ಕೇ" ಅಂತ ಸಮಾಧಾನ ಮಾಡ್ಕೊಂಡು ಕೂರ್ಬೇಡಿ, ಕಿವಿ ಟೆಸ್ಟ್ ಮಾಡ್ಸಿ.

ತುಳು ಬಿಡ್ಬೇಕಾ ಅಂತ ನಿಮ್ಮ ಹೆಂಡ್ತಿ ಕೇಳಿದಾರೆ. ಯಾಕೆ ಬಿಡ್ಬೇಕು? ಅವ್ರೂ ಮಗಳೂ ಇಬ್ರೇ ಇದ್ದಾಗ ತುಳು, ನೀವು ಸೇರಿದಾಗ ಕನ್ನಡ, ನಮ್ಮ ಮಂಗಳೂರು ಕಡೆ ಮಕ್ಳೆಲ್ಲಾ ತುಳು ಕೊಂಕಣಿ ಬ್ಯಾರಿ ಕನ್ನಡ ಅಂತ ಓಣಿ ಓಣೀಲಿ ಬದಲಾಯಿಸ್ಕೊಂಡು ಬೆಳೆಯಲ್ವಾ. ನಾನು ಕೈ ಬಿಡಿ ಅನ್ನೋದು ನಿಮ್ಮ ಮನೆ ಇಂಗ್ಲಿಷು ಒಂದನ್ನೇ, ಅದು ಆಮೇಲೆ ಸ್ಕೂಲು ಯೂಟ್ಯೂಬು ಅಂತ ಹೇಗೂ ಬಂದೇ ಬರತ್ತೆ.

ಈಗ ಅಜ್ಜ-ಅಜ್ಜಿ ವಿಷ್ಯ, ನಾನು ಮುಖ್ಯವಾಗಿ ಹೇಳ್ಬೇಕಂತಿದ್ದಿದ್ದು ಇದೇ. ಅವ್ರು ಫ್ಲೈಟ್ ಹತ್ತೋಕೆ ಮುಂಚೆ ಫೋನಲ್ಲಿ ಕೂರಿಸ್ಕೊಂಡು ಹೇಳ್ಬಿಡಿ, ಮಗು ಹತ್ರ ಇಂಗ್ಲಿಷ್ ಬೇಡ. ನಗ್ಬೇಡಿ, ನಮ್ಮ ಹಿರಿಯರಿಗೆ ಫಾರಿನ್ನಲ್ಲಿರೋ ಮೊಮ್ಮಕ್ಕಳನ್ನ ಕಂಡ ತಕ್ಷಣ ಬಾಯಲ್ಲಿ ಇಂಗ್ಲಿಷ್ ಬಂದ್ಬಿಡತ್ತೆ. ನಮ್ಮ ಮಾವ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ರು, ಊರಲ್ಲಿ ಎಲ್ಲಾರ ಹತ್ರನೂ ಅಚ್ಚ ಕನ್ನಡ, ಇಲ್ಲಿ ಬಂದು ಸೋಫಾ ಮೇಲೆ ಕೂತು ದೊಡ್ಡವಳಿಗೆ "ಕಮ್ ಕಮ್, ಸಿಟ್ ಹಿಯರ್, ವಾಟ್ ಕಲರ್ ಈಸ್ ದಿಸ್" ಅಂತ ಶುರು. ಆ ಮಗು ಸುಮ್ನೆ ಅವ್ರ ಮುಖ ನೋಡ್ತು, ಆಮೇಲೆ ನನ್ನ ಮುಖ ನೋಡ್ತು, ಎದ್ದು ಅಡುಗೆಮನೆಗೆ ಹೋಗಿ ಅಜ್ಜಿ ಕಾಲ ಹತ್ರ ಕೂತ್ಕೊಂಡ್ತು. ಅತ್ತೆಗೆ ಇಂಗ್ಲಿಷ್ ಬರಲ್ಲ, ಅದು ನಮ್ಮ ಪುಣ್ಯ. ಅವ್ರು ಹಸಿ ಬಟಾಣಿ ಸುಲೀತಾ "ಇದ್ರೊಳಗೆ ಎಷ್ಟು ಮಂದಿ ಅವ್ರೆ ನೋಡಾಣ, ಅಯ್ಯೋ ಒಬ್ಬ ಓಡೋದ, ಹಿಡ್ಕೋ ಹಿಡ್ಕೋ" ಅಂತ ತಮ್ಮ ಪಾಡಿಗೆ ತಾವು ಮಾತಾಡ್ತಾನೇ ಇರೋರು, ಹುಡುಗಿ ಮೇಜಿನ ಕೆಳಗೆ ನುಗ್ಗಿ ಬಟಾಣಿ ಹಿಡಿಯೋದು. ಮೂರನೇ ವಾರಕ್ಕೆ ಬಟಾಣಿ ಬಿದ್ರೆ ಅವಳೇ "ಒಬ್ಬ ಓಡೋದ" ಅಂತ ಕೂಗೋಳು. ನಾವಿಬ್ರೂ ಫ್ಲ್ಯಾಶ್ ಕಾರ್ಡ್ ಹಿಡ್ಕೊಂಡು ಕೂತಿದ್ರೂ ಆ ಮಾತು ಬರ್ತಿರ್ಲಿಲ್ಲ. ಇಂಗ್ಲಿಷ್ ಜರ್ಮನ್ ಎರಡೂ ಬರದೇ ಇರೋ ಅಜ್ಜಿಗಿಂತ ಒಳ್ಳೆ ಕನ್ನಡ ಮೇಷ್ಟ್ರು ಮ್ಯೂನಿಕ್‌ನಲ್ಲಿ ಸಿಗಲ್ಲ, ಯಾಕಂದ್ರೆ ಮಗುಗೆ ಬೇರೆ ದಾರಿನೇ ಇರಲ್ಲ.

ಆದ್ರಿಂದ ನೀವಿಬ್ರೂ ಮಧ್ಯ ಹೋಗಿ ಟ್ರಾನ್ಸ್‌ಲೇಟ್ ಮಾಡ್ಬೇಡಿ. ಮಗು "ಅಜ್ಜಿ ಅಪ್ಫೆಲ್" ಅಂದ್ರೆ ಅಜ್ಜಿ ಒಂದು ಸಲ ಪೇರಳೆ ಕೊಡ್ಲಿ ಒಂದು ಸಲ ಲೋಟ ಕೊಡ್ಲಿ, ಆಮೇಲೆ ಸೇಬು ಸಿಕ್ಕಾಗ "ಓ ಸೇಬಾ, ಸೇಬು ಬೇಕಿತ್ತಾ" ಅಂದ್ರೆ ಮುಗೀತು. "ಕನ್ನಡದಲ್ಲಿ ಹೇಳು, ಇಲ್ದಿದ್ರೆ ಕೊಡಲ್ಲ" ಅನ್ನೋ ಶಿಸ್ತು ಮಾತ್ರ ಯಾರೂ ಮಾಡ್ಬಾರ್ದು, ಅದ್ರಿಂದ ಕನ್ನಡ ಅಂದ್ರೆ ಬೈಗುಳದ ಭಾಷೆ ಅಂತ ಆಗೋಗತ್ತೆ. ನಿಮ್ಮಮ್ಮನಿಗೆ ಹೇಳಿ ಚೌಕಾಬಾರದ ಕವಡೆ ತರ್ಲಿ, ಪುತ್ತೂರಿನ ಅಜ್ಜಿ ಬಂದಾಗ ಚೆನ್ನೆಮಣೆ ತರ್ಲಿ. ಈಗ್ಲೇ ಆಟ ಪೂರ್ತಿ ಬರಲ್ಲ, ಬಾಯಿಗೆ ಹಾಕ್ಕೊಳ್ದೇ ಇರೋ ಹಾಗೆ ಪಕ್ಕದಲ್ಲೇ ಇರ್ಬೇಕು, ಆದ್ರೆ ಎಣಿಸೋದು, ಗೆಲ್ಲೋದು, ಮೋಸ ಮಾಡೋದು, ಜಗಳ ಆಡೋದು ಎಲ್ಲಾ ಅದೇ ಭಾಷೇಲಿ ಬರತ್ತೆ. ಜಗಳ ಆಡೋಕೆ ಬಂದ್ರೆ ಭಾಷೆ ಬಂತು ಅಂತಾನೇ ಲೆಕ್ಕ.

ಇನ್ನೊಂದು, ಇದನ್ನ ಯಾರೂ ಮುಂಚೆ ಹೇಳಲ್ಲ. ಮಗಳು ನಿಮ್ಮಪ್ಪನಿಗೆ "ಅಜ್ಜ ನೀನು ಬಾ, ಇಲ್ಲಿ ಕೂತ್ಕೋ" ಅಂತಾಳೆ, ನಿಮ್ಮಪ್ಪ ಏನೂ ಅನ್ನಲ್ಲ, ಆದ್ರೆ ಫೋನಲ್ಲಿರೋ ಸೋದರತ್ತೆ ಯಾರೋ ಹಿರಿಯರಿಗೆ ಮರ್ಯಾದೆ ಕಲಿಸಿಲ್ವಾ ಅಂತಾರೆ. ಅವಳಿಗೆ ಎಲ್ಲಿಂದ ಬರ್ಬೇಕು? ಈ ಮನೇಲಿ ಇರೋದು ನೀವಿಬ್ರು, ನೀವು ಅವಳಿಗೆ ಬಾ ಹೋಗು ಅಂತೀರಿ, ಒಬ್ರಿಗೊಬ್ರೂ ಬಾ ಹೋಗು ಅಂತೀರಿ, ಬಹುವಚನ ಅವಳ ಕಿವಿಗೆ ಬೀಳೋ ಸಂದರ್ಭನೇ ಇಲ್ಲ. ಅಪ್ಪ ಬಂದ ಮೇಲೆ ನೀವು ದಿನಾ "ಬನ್ನಿ ಅಪ್ಪಾ, ಊಟಕ್ಕೆ ಕೂತ್ಕೊಳ್ಳಿ, ಮಾತ್ರೆ ತಗೊಂಡ್ರಾ" ಅನ್ನೋದನ್ನ ಕೇಳಿ ಕೇಳಿ ತಾನಾಗೇ ಬರತ್ತೆ, ತಿದ್ದೋದು ಬೇಡ.

ಅವ್ರು ವಾಪಸ್ ಹೋದ ಮೇಲೂ ಫೋನ್ ಬಿಡ್ಬೇಡಿ. ನಮಗೂ ಊರಿಗೂ ಬೇಸಿಗೇಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಕೀಟಾದಿಂದ ನಾಲ್ಕಕ್ಕೆ ಕರ್ಕೊಂಡು ಬಂದ್ರೆ ಅಲ್ಲಿ ಏಳೂವರೆ ಇಲ್ಲಾ ಎಂಟೂವರೆ, ಸರಿಯಾಗಿ ಸೀರಿಯಲ್ ಟೈಮು, ಅದನ್ನ ಅಜ್ಜಿ ಹತ್ರ ನೀವೇ ಸೆಟ್ಲ್ ಮಾಡ್ಕೊಳ್ಳಿ. "ಏನ್ ತಿಂದೆ ಪುಟ್ಟಾ" ಅನ್ನೋದಕ್ಕಿಂತ ಅಜ್ಜಿ ಅಲ್ಲಿ ರೊಟ್ಟಿ ತಟ್ಲಿ, ಇವ್ಳು ಇಲ್ಲಿ ಹಿಟ್ಟು ಕಲಸ್ಲಿ, ಫೋನು ಗೋಡೆಗೆ ಒರಗಿಸಿಟ್ರೆ ಸಾಕು.

ವೀಸಾ. ಷೆಂಗೆನ್ (ಯೂರೋಪಿನ ಬಹಳಷ್ಟು ದೇಶಗಳಿಗೆ ಒಂದೇ) ವಿಸಿಟರ್ ವೀಸಾ ಒಬ್ರಿಗೆ 90 ಯೂರೋ, ಬೆಂಗ್ಳೂರಲ್ಲಿ ವಿಎಫ್‌ಎಸ್ ಅನ್ನೋ ವೀಸಾ ಕೇಂದ್ರದಲ್ಲಿ ಅರ್ಜಿ, ಪ್ರಯಾಣಕ್ಕೆ ಆರು ತಿಂಗ್ಳು ಮುಂಚೆಯಿಂದ ಹಾಕ್ಬೋದು, ಬೇಸಿಗೆ ಸ್ಲಾಟು ಬೇಗ ಖಾಲಿಯಾಗತ್ತೆ. ನಿಮ್ಮ ಕಡೆಯಿಂದ ಫೆರ್‌ಫ್ಲಿಶ್ಟುಂಗ್ಸ್‌ಎರ್‌ಕ್ಲೇರುಂಗ್ ಅಂತ ಒಂದು ಕಾಗದ, ಇಲ್ಲಿನ ಫಾರಿನರ್ಸ್ ಆಫೀಸಲ್ಲಿ ಸಂಬಳದ ಸ್ಲಿಪ್ಪೆಲ್ಲಾ ತೋರ್ಸಿ 29 ಯೂರೋ ಕಟ್ಟಿ ತಗೋಬೇಕು, ಅವ್ರ ಖರ್ಚೆಲ್ಲಾ ನನ್ದು ಅನ್ನೋ ಮುಚ್ಚಳಿಕೆ ಅದು, ಆಸ್ಪತ್ರೆ ಖರ್ಚೂ ಸೇರಿ. ಅದಕ್ಕೇ ಇನ್ಶೂರೆನ್ಸ್ ಬಗ್ಗೆ ಜುಗ್ಗತನ ಮಾಡ್ಬೇಡಿ. ರೂಲ್ ಪ್ರಕಾರ ಕನಿಷ್ಠ 30,000 ಯೂರೋ ಕವರ್ ಸಾಕು, ಆದ್ರೆ ಮೊದ್ಲಿಂದ ಇರೋ ಬಿಪಿ ಶುಗರ್ ಬಗ್ಗೆ ಪಾಲಿಸೀಲಿ ಏನಿದೆ ಅಂತ ಸಣ್ಣಕ್ಷರ ಪೂರ್ತಿ ಓದಿ, ಪೂರ್ತಿ ಅವಧಿಯ ಮಾತ್ರೆ ಮತ್ತೆ ಡಾಕ್ಟ್ರ ಚೀಟಿ ಊರಿಂದಲೇ ಬರ್ಲಿ. ಇರೋದು 180 ದಿನದಲ್ಲಿ 90 ದಿನ, "ಮೂರು ತಿಂಗ್ಳು" ಅಂತ ಕ್ಯಾಲೆಂಡರ್ ನೋಡಿ ಟಿಕೆಟ್ ಹಾಕ್ಬೇಡಿ, ಜುಲೈ ಆಗಸ್ಟ್ ಎರಡೂ 31 ದಿನ, ಬಂದ ದಿನ ಹೋದ ದಿನ ಎರಡೂ ಲೆಕ್ಕಕ್ಕೆ ಬರತ್ತೆ. ಒಳ್ಳೇ ಸುದ್ದಿ ಅಂದ್ರೆ 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ರೂಲ್ಸ್ ಸಡಿಲ ಮಾಡಿದ್ರು, ಮೂರು ವರ್ಷದೊಳಗೆ ಎರಡು ವೀಸಾ ನೆಟ್ಟಗೆ ಬಳಸಿದ್ರೆ ಆಮೇಲೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಸಿಗೋ ಚಾನ್ಸ್ ಇದೆ.

ಸಾಮಾನು: ಅಮ್ಮ ತುಪ್ಪ ತರ್ತೀನಿ ಅಂತಾರೆ, ಹಾಲಿನ ಪದಾರ್ಥ ಯೂರೋಪ್ ಒಳಗೆ ತರಂಗಿಲ್ಲ. ಕರಿಬೇವಿನ ಸೊಪ್ಪೂ ಸರ್ಟಿಫಿಕೇಟ್ ಇಲ್ದೆ ಬರಂಗಿಲ್ಲ. ತೆಂಗಿನಕಾಯಿ ಬಾಳೆಹಣ್ಣು ಮಾತ್ರ ಧಾರಾಳವಾಗಿ ತರ್ಬೋದು, ಅದಕ್ಕೆ ವಿನಾಯಿತಿ ಇದೆ, ಆದ್ರೆ ತೆಂಗಿನಕಾಯಿ ಇಲ್ಲೇ ಸಿಗತ್ತೆ, ಆ ತೂಕಕ್ಕೆ ಹುರಿಹಿಟ್ಟು ಸಾರಿನಪುಡಿ ತುಂಬ್ಸಿ.

ಯಾವಾಗ ಕರೆಸೋದು ಅಂದ್ರೆ, ನನ್ನ ಲೆಕ್ಕದಲ್ಲಿ ಜುಲೈ ಮಧ್ಯದಿಂದ ಅಕ್ಟೋಬರ್ ಶುರುವರೆಗೆ. ಜೂನ್‌ನಲ್ಲಿ ಬಂದು ಸೆಪ್ಟೆಂಬರ್ ಮೊದಲ ವಾರ ಹೋದ್ರೆ ಅಜ್ಜಿ ಹೋಗೋದೂ ಕೀಟಾ ಶುರುವಾಗೋದೂ ಒಂದೇ ವಾರ, ಮಗುಗೆ ಎರಡೂ ಕಡೆಯಿಂದ ಏಟು. ಆಯಿನ್‌ಗೆವೋನುಂಗ್, ಅಂದ್ರೆ ಮಗು ಹೊಂದ್ಕೊಳ್ಳೋ ತನಕ ಅಪ್ಪನೋ ಅಮ್ಮನೋ ಜೊತೆಗೆ ಕೂರೋದು, ವಾರಗಟ್ಲೆ ನಡೆಯತ್ತೆ, ಆ ಟೈಮಲ್ಲಿ ಮಧ್ಯಾಹ್ನ ಮನೇಲಿ ಅಜ್ಜಿ ಇದ್ರೆ ನಿಮಗೂ ಉಸಿರಾಡೋಕೆ ಆಗತ್ತೆ. ಅಜ್ಜ ಕರ್ಕೊಂಡು ಬರ್ಬೇಕಂದ್ರೆ ಕೀಟಾಗೆ ಮುಂಚೇನೇ ಬರೆದು ಕೊಡಿ, ಹೆಸರಿಲ್ಲದೇ ಇರೋರ ಕೈಗೆ ಮಗು ಕೊಡಲ್ಲ. ಸೆಪ್ಟೆಂಬರ್ ಕೊನೇಲಿ ಓಕ್ಟೋಬರ್‌ಫೆಸ್ಟು, ಅಂದ್ರೆ ಇಲ್ಲಿನ ದೊಡ್ಡ ಬಿಯರ್ ಜಾತ್ರೆ, ಆಗ ನಿಮ್ಮಪ್ಪನ ಯು-ಬಾನ್ (ಮೆಟ್ರೋ) ಸಾಹಸ ಬೇಡ. ಮತ್ತೆ ಒಂದು ಮಾತು ನೇರವಾಗಿ, ಅವ್ರನ್ನ ಆಯಾ ಕೆಲಸಕ್ಕೆ ಅಂತ ಕರೆಸ್ಬೇಡಿ, ಭಾನುವಾರ ಅಂಗಡಿ ಮುಚ್ಚಿರೋ ಈ ಊರಲ್ಲಿ ಅವ್ರಿಗೆ ಮೊದ್ಲೇ ಬೇಜಾರು ಇರತ್ತೆ.

ಪರ್ಮನೆಂಟಾಗಿ ಇಟ್ಕೊಳ್ಳೋದು: 2024ರ ಮಾರ್ಚ್ 1ರಿಂದ ಕಾನೂನು ಬದಲಾಗಿದೆ, ಆ ದಿನ ಅಥವಾ ಆಮೇಲೆ ಮೊದಲ ಸಲ ಸ್ಕಿಲ್ಡ್ ವರ್ಕರ್ ಪರ್ಮಿಟ್ ಸಿಕ್ಕಿರೋರು ಅಪ್ಪ ಅಮ್ಮನ್ನ ಕರೆಸ್ಕೊಳ್ಳೋಕೆ ಅರ್ಜಿ ಹಾಕ್ಬೋದು, ಬ್ಲೂ ಕಾರ್ಡೂ (ಡಿಗ್ರಿ ಇರೋ ಕೆಲಸದವ್ರಿಗೆ ಕೊಡೋ ಪರ್ಮಿಟ್) ಅದ್ರಲ್ಲಿ ಬರತ್ತೆ. ಪೇಪರ್ ಮೇಲೆ ಚೆನ್ನಾಗಿದೆ, ಸಿಕ್ಕಾಕ್ಕೊಳ್ಳೋದು ಹೆಲ್ತ್ ಇನ್ಶೂರೆನ್ಸಲ್ಲಿ, ಆ ವಯಸ್ಸಲ್ಲಿ ಹೊಸದಾಗಿ ಬರೋರನ್ನ ಸರ್ಕಾರಿ ಇನ್ಶೂರೆನ್ಸ್ ಸಾಮಾನ್ಯವಾಗಿ ಸೇರಿಸ್ಕೊಳ್ಳಲ್ಲ, ಪ್ರೈವೇಟ್‌ನೋರು ಹೇಳೋ ರೇಟ್ ಕೇಳಿದ್ರೆ ನಿಮಗೇ ಬಿಪಿ ಬರತ್ತೆ. ಆದ್ರೆ ಅದಕ್ಕಿಂತ ಮೊದ್ಲು ಹಾಸನದಲ್ಲಿರೋ ಮನೆ, ಬೆಳಿಗ್ಗೆ ವಾಕಿಂಗ್ ಗುಂಪು, ಪಕ್ಕದ್ಮನೆ ಎಲ್ಲಾ ಬಿಟ್ಟು ಬರೋಕೆ ಅವ್ರಿಗೆ ಇಷ್ಟ ಇದೆಯಾ ಅಂತ ಕೇಳಿದೀರಾ? ಒಂದು ಬೇಸಿಗೆ ಇದ್ದು ನೋಡ್ಲಿ, ಒಂದು ಡಿಸೆಂಬರೂ ಇದ್ದು ನೋಡ್ಲಿ, ಸಂಜೆ ನಾಲ್ಕೂವರೆಗೆ ಕತ್ಲಾಗೋದು ನೋಡಿದ ಮೇಲೆ ಅವ್ರೇ ಹೇಳ್ತಾರೆ. ನಿಮ್ಮ ಬ್ಲೂ ಕಾರ್ಡ್ ಮೊದಲು ಯಾವ ತಾರೀಕಿಗೆ ಇಶ್ಯೂ ಆಗಿದ್ದು ಅಂತ ತಿಳಿಸಿ, ಅದ್ರ ಮೇಲೆ ಮುಂದಿನದು ಹೇಳ್ತೀನಿ.