ಕೆಳಬೆನ್ನು ತುಂಬಾ ಒಳಕ್ಕೆ ಬಾಗಿದೆ, ಯಾವ ಸ್ಟ್ರೆಚ್ ಮಾಡಬೇಕು?

ದಿನಾ ಭುಜಂಗಾಸನ ಮಾಡ್ತೀನಿ, ಆದರೂ ಸೊಂಟ ಹಿಡಿಯೋದು ನಿಂತಿಲ್ಲ ಅಂತ ಬರೆದಿದ್ದೀರಿ. ನಾನೂ ಅದನ್ನೇ ಮಾಡಿದ್ದೆ. ಬೋರಲು ಮಲಗಿ ಎದೆ ಎತ್ತಿ, ಮೊದಲೇ ಒಳಕ್ಕೆ ಬಾಗಿರೋ ಬೆನ್ನನ್ನ ಅದೇ ದಿಕ್ಕಿಗೆ ಇನ್ನಷ್ಟು ಬಗ್ಗಿಸೋ ಆಸನ ಅದು. ಸದ್ಯಕ್ಕೆ ಬಿಡಿ.

ನಾನು ಡಾಕ್ಟರಲ್ಲ. ಹನ್ನೊಂದು ವರ್ಷದಿಂದ ಲೆಕ್ಕಪತ್ರದ ಕೆಲಸ. ಬೆಳಗ್ಗೆ ಕೂತರೆ ಏಳೋದು ಊಟಕ್ಕೇ. ನಿಂತರೆ ಹೊಟ್ಟೆ ಮುಂದೆ, ಪೃಷ್ಠ ಹಿಂದೆ. ತೂಕ 61 ಕೆಜಿ ಇದ್ದರೂ 'ಹೊಟ್ಟೆ ಬಂತಲ್ಲೋ' ಅನ್ನಿಸಿಕೊಳ್ಳೋದು ತಪ್ಪಲಿಲ್ಲ. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಬೆನ್ನು ಮುಟ್ಟಲೇ ಇಲ್ಲ. ಮಂಚದ ಅಂಚಿನಲ್ಲಿ ಅಂಗಾತ ಮಲಗಿಸಿ, ಒಂದು ಮಂಡಿಯನ್ನ ಎದೆಗೆ ಅಪ್ಪಿಕೊಳ್ಳಿ ಅಂದರು. ಅಪ್ಪಿಕೊಂಡರೆ ಇನ್ನೊಂದು ತೊಡೆ ತಾನಾಗೇ ಮೇಲೆದ್ದಿತು. ಇಳಿಸೋಕೆ ಹೋದರೆ ಇಳಿಯಲೊಲ್ಲದು.

ಬಿಗಿ ಇದ್ದದ್ದು ಮುಂದುಗಡೆ. ಸೋಆಸ್ ಅಂತ ಒಂದು ಸ್ನಾಯು ಇದೆ. ಕೆಳಬೆನ್ನಿನ ಮೂಳೆಗಳ ಪಕ್ಕದಲ್ಲಿ ಶುರುವಾಗಿ, ತೊಡೆಸಂದಿನ ಮುಂದೆ ಹಾದು, ತೊಡೆಮೂಳೆಯ ಮೇಲ್ತುದಿಗೆ ಒಳಗಡೆ ಅಂಟಿಕೊಂಡಿದೆ. ಗಂಟೆಗಟ್ಟಲೆ ಕೂತೇ ಇದ್ದರೆ ಅದು ಮುದುಡಿಕೊಂಡೇ ಇರುತ್ತೆ. ಎದ್ದು ನಿಂತಾಗ ಬೆನ್ನನ್ನ ಮುಂದಕ್ಕೆ ಜಗ್ಗುತ್ತೆ.

ಹಾಗಾಗಿ ನನಗೆ ಕೊಟ್ಟ ಮುಖ್ಯ ಸ್ಟ್ರೆಚ್ ಇದು. ಬಲಮಂಡಿಯನ್ನ ಮಡಿಸಿದ ಕಂಬಳಿ ಮೇಲೆ ಊರಿ, ಎಡಪಾದ ಮುಂದಿಡಿ. ಎಲ್ಲರೂ ತಕ್ಷಣ ಮುಂದಕ್ಕೆ ವಾಲ್ತಾರೆ. ವಾಲಬೇಡಿ! ಮೊದಲು ಬಲಪೃಷ್ಠ ಬಿಗಿಮಾಡಿ, ಲುಂಗಿ ಗಂಟು ಗಲ್ಲದ ಕಡೆ ಏಳೋ ಹಾಗೆ, ಮೈ ಬಗ್ಗಿಸದೆ, ಸೊಂಟವನ್ನಷ್ಟೇ ಒಳಕ್ಕೆ ಮಡಚಿ. ಅಷ್ಟಕ್ಕೇ ಬಲತೊಡೆಸಂದು ಚುರುಕ್ ಅನ್ನುತ್ತೆ. ಅನ್ನದಿದ್ದರೆ ಮಾತ್ರ ಎರಡು ಇಂಚು ಮುಂದೆ ಹೋಗಿ. ಮೂವತ್ತು ಸೆಕೆಂಡ್, ಉಸಿರು ಕಟ್ಟದೆ; ಪ್ರತಿ ಕಾಲಿಗೆ ಮೂರು ಸಲ. ಸೊಂಟ ಮಡಚದೆ ವಾಲಿದರೆ ಬೆನ್ನೇ ಇನ್ನಷ್ಟು ಬಾಗುತ್ತೆ. ನಾನು ಒಂದು ವಾರ ಹಾಗೇ ಮಾಡಿ ನೋವು ಜಾಸ್ತಿ ಮಾಡ್ಕೊಂಡಿದ್ದೆ.

ಆಮೇಲೆ ಮಂಡಿ ಮಡಿಸಿ ಕೂತು, ಹಣೆ ನೆಲಕ್ಕೆ ತಾಗೋ ಹಾಗೆ ಮುಂದಕ್ಕೆ ಬಗ್ಗೋ ಶಶಾಂಕಾಸನದಲ್ಲಿ ಒಂದು ನಿಮಿಷ, ಬೆನ್ನಿಗೆ ಹಿತ. ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ಊರಿ ಸೊಂಟ ಎತ್ತೋ ಸೇತುಬಂಧಾಸನ ಹತ್ತು ಸಲ, ಆದರೆ ಎದೆ ಎತ್ತೋ ಹುಮ್ಮಸ್ಸಿನಲ್ಲಿ ಬೆನ್ನು ಬಗ್ಗಿಸಬೇಡಿ, ಪೃಷ್ಠದ ಬಲದಿಂದ ಸೊಂಟ ಎತ್ತಿ. ಹೊಟ್ಟೆ, ಪೃಷ್ಠ ಎರಡೂ ಗಟ್ಟಿಯಾಗದೆ ಬರೀ ಸ್ಟ್ರೆಚ್‌ನಿಂದ ನನಗಂತೂ ಏನೂ ಆಗಲಿಲ್ಲ.

ಗೋಡೆಗೆ ಒರಗಿ ನಿಂತು ನೋಡಿ. ಕೆಳಬೆನ್ನಿನ ಹಿಂದೆ ಅಂಗೈ ತೂರುವಷ್ಟು ಸಂದು ಎಲ್ಲರಿಗೂ ಇರಬೇಕಾದ್ದೇ. ನನಗೆ ಮುಷ್ಟಿಯೇ ಹೋಗ್ತಿತ್ತು. ನಾಲ್ಕು ತಿಂಗಳಾದ ಮೇಲೂ ಕಷ್ಟಪಟ್ಟು ಹೋಗುತ್ತೆ, ಸುಳ್ಳು ಹೇಳಲ್ಲ. ಆದರೆ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬರ್ತೀನಿ, ನೋವಿಲ್ಲ.

ಕಾಲು ಜೋಮು ಹಿಡಿಯೋದು, ಬಲ ಕಮ್ಮಿಯಾಗೋದು ಇದ್ದರೆ ಇದ್ಯಾವುದನ್ನೂ ಮಾಡದೆ ಮೊದಲು ಡಾಕ್ಟರಿಗೆ ತೋರಿಸಿ. ಮೂತ್ರ ಹಿಡಿತ ತಪ್ಪಿದರಂತೂ ಅವತ್ತೇ ಹೋಗಿ.